ಆರು ಮರಿಗಳು ತಿರುಗಿದ ಕಡೆ

ಮಾರ್ಚ್ ೧೪, ಗುರುವಾರ

ರೂಮ್‌ಮೇಟ್ ಏನೋ ಮುಚ್ಚಿಡುತ್ತಿದ್ದಾಳೆ. ಕೇಳುವ ಧೈರ್ಯ ನನಗಿಲ್ಲ.

ಕಾಲೇಜಿನ ಕೊಳದಲ್ಲಿ ಸಾಕಿರುವ ಬಾತುಗಳ ಆರು ಮೊಟ್ಟೆಗಳಿಗೆ ಕಾವು ಕೊಟ್ಟು ಮರಿ ಮಾಡಿಸುವುದು ನಮ್ಮಿಬ್ಬರ ಪ್ರಾಜೆಕ್ಟ್. ಚಿಪ್ಪಿನೊಳಗಿದ್ದಾಗಲೇ ಮರಿಗಳು ದನಿ ಗುರುತು ಹಿಡಿಯುತ್ತವೆ ಎಂದು ಓದಿ, ದಿನಾ ಲ್ಯಾಬಿನ ಇನ್‌ಕ್ಯುಬೇಟರ್ ಮುಂದೆ ಕೂತು ಮಾತಾಡಿದವಳು ನಾನು. ಅವಳು ನಗುತ್ತಿದ್ದಳು: "ಲಾಲಿ ಹಾಡೋದೊಂದು ಬಾಕಿ ಕಣೇ ನಿಂದು."

ನಿನ್ನೆ ನಾನು ಮನೆಗೆ ಹೋಗಿದ್ದೆ. ಚಿಪ್ಪು ಬಿರುಕು ಬಿಟ್ಟ ತಕ್ಷಣ ಫೋನ್ ಮಾಡುತ್ತೇನೆ ಎಂದಿದ್ದಳು, ಮಾಡಲಿಲ್ಲ. ಇವತ್ತು ಬಂದು ನೋಡಿದರೆ ಆರೂ ಮರಿಗಳು ಹೊರಗೆ.

"ನಾನೂ ನೋಡ್ಲಿಲ್ಲ. ಬೆಳಿಗ್ಗೆ ಎದ್ದು ಹೋಗೋಷ್ಟರಲ್ಲಿ ಎಲ್ಲಾ ಆಗ್ಹೋಗಿತ್ತು," ಎಂದಳು, ನನ್ನ ಮುಖ ನೋಡದೆ.

ಸಂಜೆ ಮರಿಗಳ ಪೆಟ್ಟಿಗೆಯ ಜಾಲರಿ ಹತ್ತಿರ ಬಗ್ಗಿ, ಎಂದಿನ ದನಿಯಲ್ಲಿ ಕರೆದೆ. ಒಂದೂ ಕೇರ್ ಮಾಡಲಿಲ್ಲ. ಬಾಗಿಲಲ್ಲಿ ನಿಂತು ಅವಳು, "ನನ್ನ ಚಾರ್ಜರ್ ಎಲ್ಲಿಟ್ಟೆ?" ಎಂದಳು, ಅಷ್ಟೇ. ಆರೂ ಕತ್ತೆತ್ತಿ ಅವಳ ಕಡೆಗೆ ಓಡಿದವು.

"ಹಸಿವಾಗಿರ್ಬೇಕು ಅವಕ್ಕೆ," ಎಂದು ಹೊರಟೇಹೋದಳು.

ಈಗ ಗೋಡೆ ಕಡೆ ತಿರುಗಿ ಮಲಗಿದ್ದಾಳೆ. ನಿದ್ದೆ ಬಂದಿಲ್ಲ, ಉಸಿರಿನಲ್ಲೇ ಗೊತ್ತಾಗುತ್ತದೆ. ಹಾಗಾದರೆ ನಾನಿಲ್ಲದಾಗೆಲ್ಲ ಇವಳೂ ಮೊಟ್ಟೆಗಳ ಮುಂದೆ ಕೂತು, ನನಗಿಂತ ಹೆಚ್ಚು ಮಾತಾಡಿದ್ದಾಳೆ. ಅಷ್ಟೊಂದು ಏನು ಹೇಳಿಕೊಂಡಳೋ. ಅದರಲ್ಲಿ ನನ್ನ ವಿಷಯ ಎಷ್ಟಿತ್ತೋ.