ಅಪ್ಪನ ಮೂಗು

ಪ್ರೀತಿಯ ಅಕ್ಕಾ,

ನಿನ್ನ ಘನ ನ್ಯಾಯಾಲಯದ ಮುಂದೆ ಒಪ್ಪಿಕೊಳ್ಳುತ್ತೇನೆ: ಆಸ್ಪತ್ರೆಯ ಪೆನ್ನು ಕದ್ದವಳು ನಾನೇ. ಹೋದ ತಿಂಗಳು ನಿನಗಾಗಿ ಕಾಯುತ್ತ ಹೊರಗಿನ ಬೆಂಚಿನಲ್ಲಿ ಕೂತಿದ್ದಾಗ ನರ್ಸಮ್ಮ ಒಂದು ಫಾರಂ ಕೊಟ್ಟರು. ‘ನಿಮಗೆ ಸ್ತನ ಕ್ಯಾನ್ಸರ್ ಬರುವ ಸಂಭವ ಎಷ್ಟು?’ ಎಂಬಲ್ಲಿ ‘ತೀರಾ ಕಡಿಮೆ’ ಎಂದು ಗುರುತು ಹಾಕಿದೆ.

“ಅಮ್ಮ ಅದರಲ್ಲೇ ಹೋದ್ರು, ಅಕ್ಕಂಗೂ ಬಂದಿದೆ. ಕಡಿಮೆ ಹೇಗಮ್ಮಾ?” ಎಂದರು.

“ಅವರಿಬ್ರೂ ಒಂದೇ ಅಚ್ಚು ಸಿಸ್ಟರ್. ನಾನು ಅಪ್ಪನ ಮಗಳು, ಈ ಮೂಗು ನೋಡಿ!” ಎಂದೆ. ಇಡೀ ಬೆಂಚೇ ನಕ್ಕಿತು.

ಗುರುವಾರ ಬೆಳಿಗ್ಗೆ ಬಾ, ಪೆನ್ನು ಹಿಂದಿರುಗಿಸೋಣ. ಮುಂದೆ ಗುಂಡಿಯಿರುವ ನಿನ್ನ ನೀಲಿ ಅಂಗಿ ತಾ, ನನಗೆ ಬೇಕು. ಈ ಸಲ ಹೊರಗಿನ ಬೆಂಚು ನಿನಗೆ. ಆ ಗುರುತು ಹಾಕುವಾಗಲೇ, ಎಡಗಡೆಯ ಗಂಟು ನನ್ನ ಕೈಗೆ ಸಿಕ್ಕಿ ಎರಡು ತಿಂಗಳಾಗಿತ್ತು.

ಇಂತಿ,
ಅಮ್ಮನ ಕಿರಿಮಗಳು