‘ಹಟ್’ ಎನ್ನುವ ಮೊದಲಿನ ಉಸಿರು

ಕಾಟನ್‌ವುಡ್ ಫೋರ್ಡ್, ನೆಬ್ರಾಸ್ಕಾ
ಮೇ ೧೮, ಭಾನುವಾರ

ಪ್ರೀತಿಯ ಲೈಲ್ ಅಣ್ಣ,

ಚಿಕ್ಕಂದಿನಿಂದ ನಿನ್ನಿಂದ ಮುಚ್ಚಿಟ್ಟ ಒಂದು ಸಂಗತಿ ಇದೆ. ನಿನ್ನ ದನಿ ನನಗೆ ಬರುತ್ತದೆ. ಅಣಕವಲ್ಲ, ಥೇಟ್ ನಿನ್ನದೇ ದನಿ. ಅದರಿಂದ ಏನಾಯಿತು ಎಂದು ಹೇಳುವುದಕ್ಕೇ ಈ ಕಾಗದ. ಅದಕ್ಕೆ ಮೊದಲು ನಿನ್ನ ಭುಜ ಹೇಗಿದೆ ಹೇಳು. ತಲೆ ಬಾಚುವಷ್ಟಾದರೂ ಕೈ ಮೇಲೇಳುತ್ತದೆಯೇ? ಆರಿಗನ್‌ನಲ್ಲಿ ದಿನವೂ ಜಿಟಿಜಿಟಿ ಮಳೆಯಂತೆ, ತಂಪು ತಾಗದಂತೆ ನೋಡಿಕೋ. ಅಮ್ಮ ಚೆನ್ನಾಗಿದ್ದಾಳೆ. ಇವತ್ತೂ ಮಾಂಸ, ಬೀನ್ಸ್ ಹಾಕಿದ ಖಾರದ ಚಿಲಿ ಮಾಡಿ, ಜೊತೆಗೆ ದಾಲ್ಚಿನ್ನಿ ರೋಲ್ ಬೇಯಿಸಿದ್ದಳು. ನೀನಿಲ್ಲದ್ದರಿಂದ ನಿನ್ನ ಪಾಲೂ ನನ್ನ ಹೊಟ್ಟೆಗೇ ಹೋಯಿತು.

ನೀನು ಆಟ ಬಿಟ್ಟ ಮೇಲೆ ನಮ್ಮೂರ ಫುಟ್‌ಬಾಲ್ ತಂಡದಲ್ಲಿ ಎಣಿಕೆ ಕೂಗಿ ಚೆಂಡು ಎಸೆಯುವ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಮೂವರಿದ್ದೆವು. ಮೇಷ್ಟ್ರು ಕ್ಲೇಟನ್‌ಗೆ ಆಟದ ಪಟ್ಟುಗಳೆಲ್ಲ ಬಾಯಿಪಾಠ, ಆದರೆ ಅವನ ಚೆಂಡು ಗಾಳಿಗೆ ಸಿಕ್ಕರೆ ಪೆಟ್ಟು ತಿಂದ ಬಾತುಕೋಳಿಯಂತೆ ಬೀಳುತ್ತದೆ. ಎರಡೇ ವಾರಕ್ಕೆ ಅವನೇ ನಗುತ್ತ ಪಕ್ಕಕ್ಕೆ ಸರಿದ. ಉಳಿದವರು ನಾನು ಮತ್ತು ಎಫ್ರೆನ್ ಬರೆಲಾ. ಎಫ್ರೆನ್‌ನನ್ನು ನೀನು ನೋಡಿಲ್ಲ. ಮಾಂಸದ ಕಾರ್ಖಾನೆಯಲ್ಲಿ ಕೆಲಸ, ಕಳೆದ ಚಳಿಗಾಲದಲ್ಲಿ ಊರಿಗೆ ಬಂದವನು. ಅವನು ಎಸೆದ ಚೆಂಡು ಸುಯ್ಯೆಂದು ಸದ್ದು ಮಾಡುತ್ತ ಹೋಗುತ್ತದೆ ಅಣ್ಣ. ನಿನ್ನ ಒಳ್ಳೆಯ ದಿನಗಳಲ್ಲಿ ಕೇಳುತ್ತಿದ್ದ ಸದ್ದು ಅದು.

ಆದರೂ ಅಭ್ಯಾಸದಲ್ಲಿ ಗೆಲ್ಲುತ್ತಿದ್ದವನು ನಾನು. ಎಲ್ಲರೂ ಒಟ್ಟಿಗೆ ನುಗ್ಗಲೆಂದು ಎಫ್ರೆನ್ ‘ಹಟ್’ ಎಂದು ಎಣಿಕೆ ಕೂಗಿದರೆ ಮುಂದಿನ ಸಾಲಿನ ಐವರಲ್ಲಿ ಒಬ್ಬ ಮೊದಲೇ ನುಗ್ಗುವನು, ಇನ್ನೊಬ್ಬ ಕಲ್ಲಿನಂತೆ ನಿಂತಿರುವನು. ತಂಡ ಐದು ಗಜ ಹಿಂದೆ ಸರಿಯುವ ದಂಡ, ಮತ್ತೆ ಐದು ಗಜ ದಂಡ. ನಾನು ಕೂಗಿದರೆ ಐವರೂ ಒಂದೇ ಮೈಯಾಗಿ ಏಳುವರು. ಬಗ್ಗಿ ನಿಂತು ಚೆಂಡನ್ನು ಹಿಂದಕ್ಕೆ ಕೊಡುವ ಹಾಯ್ಟ್ ಎಲ್ಲರೆದುರು ನನ್ನ ಬೆನ್ನಿಗೆ ಗುದ್ದಿ, “ಲೇ ಮರಿ, ನಿನ್ ಮುಂದೆ ಆಡ್ತಿದ್ರೆ ನಿಮ್ಮಣ್ಣ ಊರು ಬಿಟ್ಟೇ ಇಲ್ಲ ಅನ್ಸುತ್ತೆ ಕಣೋ” ಎಂದ. ಎಫ್ರೆನ್‌ನ ಉಚ್ಚಾರವೇ ಸರಿಯಿಲ್ಲ, ಅದಕ್ಕೇ ಸಾಲು ತಪ್ಪುತ್ತಿದೆ ಎಂದು ಉಳಿದವರು ಗೊಣಗಿದರು. ಕೋಚ್ ಟ್ವೀಟನ್ ಮನಸ್ಸಿನಲ್ಲೇ ನನ್ನ ಹೆಸರು ಬರೆದುಕೊಂಡಿದ್ದರು. ಚೆಂಡು ನಮ್ಮ ಮನೆಯಲ್ಲೇ ಉಳಿಯಲಿ ಎಂದು ನೀನು ಅವರಿಗೆ ಫೋನ್ ಮಾಡಿದ್ದೂ ಗೊತ್ತು. ನನ್ನ ಮೇಲಿನ ಪ್ರೀತಿಗೇ ಮಾಡಿದ್ದೀಯ, ಬೇಜಾರಿಲ್ಲ.

ಒಂದು ಸಂಜೆ ಕೊಟ್ಟಿಗೆಯ ಹಿಂದೆ ಒಬ್ಬನೇ ಎಣಿಕೆ ಕೂಗುತ್ತಿದ್ದೆ. ಅಡುಗೆಮನೆಯಿಂದ ಅಮ್ಮ, “ಲೈಲ್, ಯಾವಾಗ ಬಂದ್ಯೋ?” ಎನ್ನುತ್ತ ಹಿಟ್ಟಿನ ಕೈಯಲ್ಲೇ ಓಡಿಬಂದಳು. ನನ್ನನ್ನು ನೋಡಿ ಅವಳ ಮುಖ ಹೇಗಾಯಿತು ಎಂದು ಬರೆಯುವುದಿಲ್ಲ. ಆಗ ನನಗೆ ಎಲ್ಲ ತಿಳಿಯಿತು. ಮೂಗು ಮುರಿದುಕೊಂಡ ವರ್ಷದಿಂದ ‘ಹಟ್’ ಎನ್ನುವ ಮೊದಲು ನೀನು ಸಣ್ಣಗೆ ಉಸಿರೆಳೆಯುತ್ತಿದ್ದೆಯಲ್ಲ, ಅದನ್ನೂ ಸೇರಿಸಿಯೇ ನಾನು ಕಲಿತಿದ್ದೇನೆ. ಸಾಲಿನವರು ಏಳುತ್ತಿದ್ದದ್ದು ‘ಹಟ್’ಗೆ ಅಲ್ಲ, ಆ ಉಸಿರಿಗೆ. ಅದು ಅವರಿಗೇ ಗೊತ್ತಿರಲಿಲ್ಲ. ಎಫ್ರೆನ್‌ನ ಮೂಗು ನೆಟ್ಟಗಿದೆ, ಅಷ್ಟೇ ಅವನ ತಪ್ಪು.

ನಿನ್ನೆ ಶನಿವಾರ ಆ ಜಾಗ ಯಾರಿಗೆಂದು ಕೋಚ್ ಹೆಸರು ಹೇಳುವ ದಿನ. ಇಡೀ ತಂಡ ಮೈದಾನದಲ್ಲಿತ್ತು. ನಾನು ಕೋಚ್ ಹತ್ತಿರ ಹೋಗಿ, ಇವತ್ತು ಯಾರೂ ಕೂಗುವುದು ಬೇಡ, ಹಿಂದೆ ನಿಂತವನು ಹಿಮ್ಮಡಿ ಎತ್ತಲಿ, ಹಾಯ್ಟ್ ಕಾಲ ಸಂದಿಯಿಂದ ಅದನ್ನು ನೋಡಿ ಚೆಂಡು ಕೊಡಲಿ, ಉಳಿದವರು ಚೆಂಡನ್ನೇ ನೋಡಿ ಏಳಲಿ ಎಂದೆ. “ತಲೆ ಕೆಟ್ಟಿದ್ಯೇನೋ ವೇಡ್? ತಟ್ಟೆಗೆ ಬಡಿಸಿದ್ದನ್ನ ಯಾಕೋ ಒದೀತೀಯಾ?” ಎಂದು ಬೈದರು. ಆದರೂ ಒಪ್ಪಿದರು. ತೆಂಕಣ ಗಾಳಿ ಬೀಸುತ್ತಿತ್ತು. ದನಿಯಿಲ್ಲದಾಗ ಸಾಲು ನನಗೂ ಎಫ್ರೆನ್‌ಗೂ ಒಂದೇ ಥರ ಎದ್ದಿತು. ಉಳಿದದ್ದು ಕೈ ಮಾತ್ರ. ನನ್ನ ಚೆಂಡುಗಳು ಎದುರಿನವರ ತೋಳಿಗೆ ಹೋಗಿ ಬಿದ್ದವು. ಅವನದು ಗಾಳಿಯನ್ನು ಅಡ್ಡಕ್ಕೆ ಸೀಳಿ ಮೈದಾನದ ಆಚೆ ಅಂಚಿನಲ್ಲಿ ಓಡುತ್ತಿದ್ದವನ ಎದೆಗೇ ಬಂತು.

ಆಮೇಲೆ ಎಲ್ಲರನ್ನೂ ಕೂರಿಸಿ ಉಸಿರಿನ ಗುಟ್ಟು ಬಿಚ್ಚಿದೆ. ಒಮ್ಮೆ ಕೂಗಿಯೂ ತೋರಿಸಿದೆ. ಕೂತಲ್ಲೇ ಐವರ ಮೈಯೂ ಥಟ್ಟನೆ ಮುಂದಕ್ಕೆ ವಾಲಿತು. ಹಾಯ್ಟ್ ಹೆಲ್ಮೆಟ್ ತೆಗೆದು, “ಅಯ್ಯೋ ದೇವರೇ, ಇಷ್ಟು ವರ್ಷ ನಾವು ಲೈಲ್‌ನ ಮೂಗಿನ ತಾಳಕ್ಕೆ ಕುಣಿದಿದ್ವಾ!” ಎಂದ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕೋಚ್ ನಗಲಿಲ್ಲ. ಎಫ್ರೆನ್‌ನ ಹೆಸರು ಹೇಳಿ, ನನ್ನ ಕಡೆ ನೋಡದೆ ವ್ಯಾನ್ ಹತ್ತಿದರು. ಎಫ್ರೆನ್ ಹತ್ತಿರ ಬಂದು, “ನಾನಾಗಿದ್ರೆ ಬಾಯಿ ಮುಚ್ಕೊಂಡು ಆಡ್ತಿದ್ದೆ ಮಾರಾಯ” ಎಂದ. “ನಿನ್ನ ಚೆಂಡು ನೋಡೋ ತನಕ ನಾನೂ ಹಾಗೇ ಅಂದ್ಕೊಂಡಿದ್ದೆ” ಎಂದೆ.

ನಿನಗೆ ಸಿಟ್ಟು ಬಂದಿರಬಹುದು. ನಾನು ಶಾಲೆ ಬಿಟ್ಟಾಗ ಊರೆಲ್ಲ ಬೈದರೂ ನೀನು ಬೈಯಲಿಲ್ಲ. ಈ ಸಲ ಬೇಕಾದರೆ ಎರಡಕ್ಕೂ ಸೇರಿಸಿ ಬೈದು ಬಿಡು. ಆ ಜಾಗ ಬೇಡವಾಗಿತ್ತು ಎಂದರೆ ಸುಳ್ಳಾಗುತ್ತದೆ. ತುಂಬಾ ಬೇಕಾಗಿತ್ತು.

ಮಾರ್ನಿ ಅತ್ತಿಗೆಗೆ ನನ್ನ ನೆನಪು ಹೇಳು, ಮಗುವಿನ ಎರಡೂ ಕೆನ್ನೆಗೆ ಮುತ್ತು. ಭುಜಕ್ಕೆ ಬಿಸಿನೀರಿನ ಶಾಖ ಕೊಡುವುದನ್ನು ಸೋಮಾರಿತನದಿಂದ ಬಿಡಬೇಡ.

ನಿನ್ನ ತಮ್ಮ,
ವೇಡ್

ಇನ್ನೊಂದು ಮಾತು: ನನ್ನನ್ನು ಎಫ್ರೆನ್‌ಗೆ ಬದಲಿ ಆಟಗಾರನಾಗಿ ಉಳಿಸಿಕೊಳ್ಳಲು ಹಾಯ್ಟ್ ನಿನಗೆ ಫೋನ್ ಮಾಡಬಹುದು. ನನಗೆ ಹೇಳಿ ನೋಡಿ ಸೋತಿದ್ದಾನೆ. ನೀನು ಹೂಂ ಅನ್ನಬೇಡ. ಅಂಚಿನಲ್ಲಿ ನಿಂತು ನಾನೊಮ್ಮೆ ಬಾಯಿ ತಪ್ಪಿ ಕೂಗಿದರೂ ಸಾಲು ನಿನ್ನ ಉಸಿರಿಗೇ ಮರಳುತ್ತದೆ. ಎಫ್ರೆನ್‌ನ ದನಿ ಅವರ ಕಿವಿಯಲ್ಲಿ ಕೂರುವ ತನಕ ನನ್ನ ಬಾಯಲ್ಲಿರುವ ನಿನ್ನ ದನಿ ಊರಿನಲ್ಲಿ ಇರಬಾರದು. ಗೋಧಿ ಕೊಯ್ಯುವ ಯಂತ್ರಗಳ ತಂಡವೊಂದು ಓಕ್ಲಹೋಮಕ್ಕೆ ಇಳಿಯುತ್ತಿದೆ, ಲಾರಿ ಓಡಿಸಲು ಜನ ಬೇಕಂತೆ. ಅಮ್ಮನಿಗೆ ಹೇಳಿದ್ದೇನೆ, ಬಟ್ಟೆ ಮಡಚಿಡುತ್ತಿದ್ದಾಳೆ. ವಾರಕ್ಕೊಮ್ಮೆ ಅವಳಿಗೆ ಫೋನ್ ಮಾಡು. ನಾನು ನಾಳೆ ಬೆಳಿಗ್ಗೆ ಹೊರಡುತ್ತೇನೆ.