ಎತ್ತದ ಕೈ

ಮಾರ್ಚ್ 3

ಬೀಗ ತೆಗೆದೆ, ಫ್ಯಾನ್ ಹಾಕಿದೆ, ಮೇಡಂ ಎದುರು ಕೂತೆ. ಇಡೀ ಕಾಲೇಜಿನಲ್ಲಿ ಕೂತು ಸಂಬಳ ತಗೊಳ್ಳೋ ಅಟೆಂಡರ್ ನಾನೊಬ್ಬನೇ! ನಮ್ಮದು ಜೆಂಡರ್ ಸ್ಟಡೀಸ್. ಹೆಂಗಸರು, ಗಂಡಸರು, ಯಾರ ಪಾಲಿಗೆ ಏನು ಬಂತು ಅನ್ನೋ ಓದು. ಕಂಪ್ಯೂಟರಿನಲ್ಲಿ ನೋಡಿ ಕಲಿಯೋ ಹಾಗೆ ಮೇಡಂ ಪಾಠ ಕಟ್ಟುತ್ತಾರೆ. ಯಾವ ಪಾಠವಾದರೂ ಮೊದಲು ನನಗೆ. ತಿಳಿಯದ ಕಡೆ ಕೈ ಎತ್ತಬೇಕು. ಎತ್ತಿದರೆ ಅಷ್ಟನ್ನೂ ಅಳಿಸಿ ಬೇರೆ ಬರೆದು, ತಮ್ಮ ದನಿಯಲ್ಲೇ ಮತ್ತೆ ರೆಕಾರ್ಡ್ ಮಾಡುತ್ತಾರೆ. ನನ್ನ ಐದನೇ ಕ್ಲಾಸಿಗೆ ಇಷ್ಟು ಬೆಲೆ ಎಲ್ಲೂ ಸಿಕ್ಕಿರಲಿಲ್ಲ.

ಇವತ್ತು ಹನ್ನೊಂದು ಸಲ ಎತ್ತಿದೆ.

"ಏನ್ರೀ ಪರೀಕ್ಷಕರೇ, ಕೈ ಇಳಿಸೋದೇ ಇಲ್ವಾ?"

"ಬಸ್ಸಲ್ಲಿ ನಿಂತು ನಿಂತು ಅಭ್ಯಾಸ ಮೇಡಂ."

ನಕ್ಕರು. ಹನ್ನೊಂದೂ ತಿದ್ದಿದರು.

ಮಾರ್ಚ್ 9

ಮನೆಗೆಲಸವೂ ಕೆಲಸವೇ ಅನ್ನೋ ಪಾಠ ಹೆಂಡತಿಗೆ ಒಪ್ಪಿಸಿದೆ.

"ಇದನ್ನ ಕಲಿಯೋಕೆ ಕಾಲೇಜಿಗೆ ಹೋಗ್ಬೇಕಿತ್ತಾ? ಮೊದ್ಲು ಆ ತಟ್ಟೆ ತೊಳೀರಿ."

ತೊಳೆದೆ. ಮೇಡಂಗೆ ಹೇಳಬೇಕು... ಪಾಠ ಕೆಲಸ ಮಾಡ್ತಿದೆ.

ಮಾರ್ಚ್ 27

ಕಡೇ ಪಾಠ. ನಾಳೆ ಕಾಲೇಜಿನ ಕಮಿಟಿ ಪಾಠ ನೋಡುತ್ತೆ. ಒಪ್ಪಿದರೆ ಮೇಡಂ ಕೆಲಸ ಕಾಯಂ, ಇಲ್ಲದಿದ್ದರೆ ಈ ತಿಂಗಳಿಗೇ ಮುಗೀತು. ಹನ್ನೆರಡು ವರ್ಷ ಕಾಂಟ್ರ್ಯಾಕ್ಟಿನಲ್ಲೇ ಸವೆದಿದ್ದಾರೆ. ಅವರ ತಾಯಿ ಆಸ್ಪತ್ರೆಯಲ್ಲಿ. ಮೂರು ದಿನದಿಂದ ನಿದ್ದೆಯಿಲ್ಲ, ಕಣ್ಣು ಕೆಂಡ.

ಅರ್ಧದಿಂದ ಮುಂದಕ್ಕೆ ನನ್ನ ತಲೆಗೆ ಒಂದಕ್ಷರ ಹೋಗಲಿಲ್ಲ. ಕೈ ತೊಡೆ ಮೇಲೇ ಇಟ್ಟುಕೊಂಡೆ.

"ತಿಳೀತಾ?"

"ನೀರು ಕುಡಿದಷ್ಟು ಸಲೀಸು ಮೇಡಂ. ಮನೆಗೆ ಹೋಗಿ ಮಲಗಿ."

"ಒಂದೂ ಡೌಟಿಲ್ವಾ?"

"ನಿಮ್ಮ ಜೊತೆ ಇದ್ದೂ ಇದ್ದೂ ಬುದ್ಧಿವಂತನಾದೆ, ಏನ್ಮಾಡೋದು!"

ಮಾರ್ಚ್ 28

ಕಮಿಟಿಯವರು ಕಡೇ ಪಾಠವನ್ನೇ ಆರಿಸಿಕೊಂಡರು. ಹೊಸದಾಗಿ ಸೇರಿದ ಮೂವರು ಹುಡುಗಿಯರನ್ನ ಕೂರಿಸಿ ತೋರಿಸಿದರು. ಮೂವರಿಗೂ ತಿಳಿಯಲಿಲ್ಲ. ಕಮಿಟಿಯವರು ಆಗಲ್ಲ ಅಂದುಬಿಟ್ಟರು.

ಮೇಡಂ ಬಂದು ನನ್ನ ಎದುರಿಗೇ ಕೂತರು.

"ನಿಮಗೆ ತಿಳಿದಿತ್ತಾ?"

ಜೋಕು ಹುಡುಕಿದೆ. ಸಿಗಲಿಲ್ಲ.

"ಇಲ್ಲ ಮೇಡಂ. ಸುಸ್ತಾಗಿದ್ರಿ... ಪಾಪ ಅನ್ನಿಸ್ತು."

"ಕನಿಕರ ತೋರ್ಸೋರು ಬೇಕಾದಷ್ಟು ಜನ ಇದ್ರು. ಸುಳ್ಳು ಹೇಳದೇ ಇರೋರು ನೀವೊಬ್ರೇ ಇದ್ರಿ."

ಬೈಯಲಿಲ್ಲ. ಬೈದಿದ್ದರೆ ಉಂಡು ಮಲಗುತ್ತಿದ್ದೆ.

ಏಪ್ರಿಲ್ 16

ಮೇಡಂ ಹೋಗಿ ಹದಿನಾರು ದಿನ. ಬಾಗಿಲ ಮೇಲೆ ಹೆಸರಿನ ಹಲಗೆ ಇದ್ದ ಜಾಗ ಬೆಳ್ಳಗೆ ಕಾಣುತ್ತೆ. "ಜೋಕೆಲ್ಲ ಖಾಲಿಯಾಯ್ತೇನ್ರೀ?" ಅಂತಾಳೆ ಹೆಂಡತಿ. ನನ್ನ ಸುಳ್ಳಿನ ವಿಷಯ ಇವಳಿಗೆ ಇನ್ನೂ ಹೇಳಿಲ್ಲ.

ಇವತ್ತು ಬಾಗಿಲು ಹಾಕಿಕೊಂಡು ಕಂಪ್ಯೂಟರಿನಲ್ಲಿ ಕಡೇ ಪಾಠ ಹಾಕಿದೆ. ಅದೇ ದನಿ. ಸುಸ್ತು ಈಗ ಚೆನ್ನಾಗಿ ಕೇಳಿಸುತ್ತೆ. ತಿಳಿಯದ ಜಾಗ ಬಂತು. ಕೈ ಎತ್ತಿದೆ. ದನಿ ನಿಲ್ಲದೆ ಮುಂದೆ ಹೋಯಿತು.

ಮತ್ತೆ ಮೊದಲಿಂದ ಹಾಕಿದ್ದೇನೆ. ಇನ್ನೇನು ಆ ಜಾಗ ಬರುತ್ತೆ... ಬಂತು. ಪೆನ್ನು ಕೆಳಗಿಟ್ಟು ಕೈ ಎತ್ತುತ್ತೇನೆ.